ಹದೀಸ್ ಹೇಳಲು ಹೆಣ್ಣು, ಅರ್ಥ ಹೇಳಲು ಗಂಡು

ನಮಾಜು ಮಾಡುವವರ ಎದುರು ನಾಯಿ, ಕತ್ತೆ ಅಥವಾ ಹೆಂಗಸು ಹಾದುಹೋದರೆ ನಮಾಜು ಕೆಡುತ್ತದೆ ಎಂಬ ಮಾತು ಕಿವಿಗೆ ಬಿದ್ದಾಗ ಪ್ರವಾದಿ ಮುಹಮ್ಮದರ ಪತ್ನಿ ಆಯಿಶಾ ಸುಮ್ಮನಿರಲಿಲ್ಲ. ನಮ್ಮನ್ನು ನಾಯಿ, ಕತ್ತೆಗಳ ಸಾಲಿಗೆ ಸೇರಿಸಿಬಿಟ್ಟಿರಾ ಎಂದು ಕೇಳಿದರು. ತಾವು ಎದುರಿಗೇ ಮಂಚದ ಮೇಲೆ ಮಲಗಿರುವಾಗ ಪ್ರವಾದಿಗಳು ನಮಾಜು ಮಾಡುತ್ತಿದ್ದರೆಂದು ಸಾಕ್ಷಿ ನುಡಿದರು. ಈ ಆಕ್ಷೇಪ ಬುಖಾರಿಯವರ ಹದೀಸ್ ಸಂಗ್ರಹದಲ್ಲೇ, ಅಂದರೆ ಪ್ರವಾದಿಗಳ ನಡೆನುಡಿಗಳ ವರದಿಗಳ ಸಂಗ್ರಹದಲ್ಲೇ, ದಾಖಲಾಗಿದೆ. ಆಯಿಶಾ ಹೀಗೆ ಪ್ರವಾದಿಗಳ ಒಡನಾಡಿಗಳಾದ ಸಹಾಬಿಗಳನ್ನು ತಿದ್ದಿದ ಪ್ರಸಂಗಗಳನ್ನು 14ನೇ ಶತಮಾನದಲ್ಲಿ ಕೈರೋದ ವಿದ್ವಾಂಸ ಝರ್ಕಶಿ ಒಂದು ಗ್ರಂಥವಾಗಿಯೇ ಕಟ್ಟಿಕೊಟ್ಟರು. ಸ್ತ್ರೀನ್ಯಾಯದ ಪ್ರಶ್ನೆ ಪಶ್ಚಿಮದಿಂದ ಆಮದಾಯಿತೆನ್ನುವವರು ಅದನ್ನೊಮ್ಮೆ ತಿರುವಿ ನೋಡಬಹುದು.

ಹದೀಸ್ ಕಲಿಸಲು ಹೆಂಗಸರಿಗೆ ಅಡ್ಡಿಯಿರಲಿಲ್ಲ. 11ನೇ ಶತಮಾನದಲ್ಲಿ ಮಕ್ಕಾದಲ್ಲಿದ್ದ ಕರೀಮಾ ಅಲ್ ಮರ್ವಝಿಯ್ಯಾ ಅವರ ಮುಂದೆ ಕುಳಿತು ಬುಖಾರಿ ಓದಿದವರಲ್ಲಿ ಹೆಸರಾಂತ ಇತಿಹಾಸಕಾರ ಖತೀಬ್ ಬಗ್ದಾದಿಯೂ ಒಬ್ಬರು. ಆದರೆ ಕುರ್‌ಆನಿಗೆ ಅರ್ಥ ಹೇಳುವ ಅಧಿಕಾರದ ಮಾತೇ ಬೇರೆ. ತಬರಿ, ರಾಝಿ, ಇಬ್ನ್ ಕಸೀರ್, ಹೀಗೆ ಪ್ರಮಾಣವೆಂದು ನಿಂತ ತಫ್ಸೀರ್‌ಗಳೆಲ್ಲ, ಅಂದರೆ ಕುರ್‌ಆನ್ ವ್ಯಾಖ್ಯಾನಗಳೆಲ್ಲ, ಗಂಡಸರವು.

ಆಯಿಶಾರ ಹತ್ಯಾರವನ್ನು 1987ರಲ್ಲಿ ಮತ್ತೆ ಕೈಗೆತ್ತಿಕೊಂಡವರು ಮೊರೊಕ್ಕೊದ ಸಮಾಜಶಾಸ್ತ್ರಜ್ಞೆ ಫಾತಿಮಾ ಮೆರ್ನಿಸ್ಸಿ. ಹೆಣ್ಣಿಗೆ ಆಡಳಿತ ಒಪ್ಪಿಸಿದ ಜನ ಏಳಿಗೆ ಕಾಣರು ಎಂಬ ಹದೀಸ್ ಅವರ ಗುರಿ. ಅದನ್ನು ಹೇಳಿದ ಸಹಾಬಿ ಅಬೂ ಬಕ್ರಾ, ಆಯಿಶಾರ ಕಡೆಯವರು ಸೋತ 656ರ ಒಂಟೆ ಯುದ್ಧದ ಹೊತ್ತಿಗೆ, ಅಂದರೆ ಪ್ರವಾದಿ ತೀರಿಕೊಂಡು 24 ವರ್ಷಗಳಾದ ಮೇಲೆ, ಅದನ್ನು ನೆನಪಿಸಿಕೊಂಡಿದ್ದರು. ಹಿಂದೊಮ್ಮೆ ವ್ಯಭಿಚಾರದ ಆರೋಪವನ್ನು ಸಾಬೀತುಪಡಿಸಲಾಗದೆ ಖಲೀಫ ಉಮರರಿಂದ ಛಡಿಯೇಟು ತಿಂದವರೂ ಹೌದು. ಇಂಥವರು ಹೇಳಿದ ಹದೀಸ್ ಆ ಶಾಸ್ತ್ರದ ಅಳತೆಗೋಲಿನಿಂದಲೇ ನಿಲ್ಲದೆಂದು ಮೆರ್ನಿಸ್ಸಿ ವಾದಿಸಿದರು. ಧರ್ಮವಿದ್ವಾಂಸರಾದ ಉಲಮಾಗಳು ಒಪ್ಪಲಿಲ್ಲ. ಸಾಕ್ಷ್ಯದ ನಿಯಮ ಬೇರೆ, ಹದೀಸ್ ವರದಿಯ ನಿಯಮ ಬೇರೆ ಎನ್ನುವುದು ಅವರ ಉತ್ತರ, ಅದು ಹಗುರವಾದ ಉತ್ತರವೇನಲ್ಲ.

ಅಮೆರಿಕದ ಆಮಿನಾ ವದೂದ್ 1992ರಲ್ಲಿ ನೇರವಾಗಿ ಕುರ್‌ಆನಿಗೇ ಹೋದರು. ಬಿಡಿ ಆಯತ್‌ಗಳನ್ನು, ಅಂದರೆ ಕುರ್‌ಆನಿನ ವಚನಗಳನ್ನು, ಇಡೀ ಗ್ರಂಥದ ನ್ಯಾಯದೃಷ್ಟಿಯಲ್ಲಿ ಓದಬೇಕು ಎಂದರು. 2005ರಲ್ಲಿ ನ್ಯೂಯಾರ್ಕ್‌ನಲ್ಲಿ ಗಂಡಸರೂ ಹೆಂಗಸರೂ ಇದ್ದ ಜುಮಾ ನಮಾಜಿಗೆ ಇಮಾಮರಾದಾಗಲಂತೂ ಗದ್ದಲವೇ ಎದ್ದಿತು.

ಭಾರತದಲ್ಲಿ ವ್ಯಾಖ್ಯಾನದ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ 3:2 ಬಹುಮತದಿಂದ ದಿಢೀರ್ ತ್ರಿವಳಿ ತಲಾಖನ್ನು ರದ್ದುಗೊಳಿಸಿತು. ನ್ಯಾಯಮೂರ್ತಿ ಕುರಿಯನ್ ಜೋಸೆಫ್ ತೀರ್ಪಿನಲ್ಲಿ ಆಯತ್‌ಗಳನ್ನೇ ಉದ್ಧರಿಸಿದರು. ದಕ್ಷಿಣ ಕನ್ನಡ ಮೂಲದ ನ್ಯಾಯಮೂರ್ತಿ ಅಬ್ದುಲ್ ನಝೀರ್ ಅಲ್ಪಮತದ ಕಡೆಗಿದ್ದರು. ದಾವೆ ಹೂಡಿದ್ದು ಶಾಯರಾ ಬಾನು. ಪೀಠದಲ್ಲಿದ್ದ ಐವರೂ ಗಂಡಸರು.