ಇಂಗ್ಲಿಷ್ ಓದೋಕೇ ಬರದವನು ಮಾಡಿದ ಲಿಪಿ

ಅಮೆರಿಕದ ಮೂಲನಿವಾಸಿಗಳಾದ ಚೆರೋಕೀ ಜನರ ಲಿಪಿ ನೋಡಿದ ತಕ್ಷಣ ಸುಮಾರು ಜನ ಹೇಳೋದು ಒಂದೇ, ಅಯ್ಯೋ ಇದು ಇಂಗ್ಲಿಷ್ ಅಕ್ಷರ, ಕಾಪಿ ಹೊಡೆದಿದ್ದಾನೆ ಅಂತ. ಹಾಗಾದ್ರೆ ಓದಿ ನೋಡೋಣ. ಡಿ ಥರ ಕಾಣೋದು ‘ಅ’, ಆರ್ ಥರದ್ದು ‘ಎ’, ಡಬ್ಲ್ಯೂ ‘ಲ’, ಪಿ ‘ಲಿ’, ಜಿ ‘ಲೊ’! ಕಣ್ಣಿಗೆ ಬಿದ್ದ ಕೆಲವು ಆಕಾರ ಎತ್ಕೊಂಡಿರಬಹುದು, ಸದ್ದೆಲ್ಲ ಅವನೇ ಕೊಟ್ಟಿದ್ದು, ಯಾಕಂದ್ರೆ ಈ ಲಿಪಿ ಮಾಡಿದ ಚೆರೋಕೀ ಮನುಷ್ಯ ಸಿಕ್ವೋಯಾಗೆ ಇಂಗ್ಲಿಷ್ ಓದೋಕೇ ಬರ್ತಿರಲಿಲ್ಲ.

ಹುಟ್ಟಿದ್ದು 1770ರ ಆಸುಪಾಸು, ಈಗಿನ ಟೆನ್ನೆಸ್ಸಿಯಲ್ಲಿ. ಕಾಲು ಕುಂಟು, ಕಸುಬು ಬೆಳ್ಳಿ ಕೆಲಸ. 1813-14ರಲ್ಲಿ ಕ್ರೀಕ್ ಅನ್ನೋ ಇನ್ನೊಂದು ಮೂಲನಿವಾಸಿ ಜನರ ಮೇಲೆ ನಡೆದ ಯುದ್ಧದಲ್ಲಿ ಅಮೆರಿಕದ ಸೇನಾನಿ ಆಂಡ್ರ್ಯೂ ಜಾಕ್ಸನ್ ಕಡೆ ನಿಂತು ಹೋರಾಡಿದ, ಅದೇ ಜಾಕ್ಸನ್ ಪ್ರೆಸಿಡೆಂಟ್ ಆದ್ಮೇಲೆ 1830ರಲ್ಲಿ ಚೆರೋಕೀ ಥರದ ಮೂಲನಿವಾಸಿಗಳನ್ನ ಅವರ ನೆಲದಿಂದ ಎಬ್ಬಿಸೋ ಕಾನೂನಿಗೆ ಸಹಿ ಹಾಕಿದ, ಇರಲಿ.

ಮೊದಲು ಒಂದೊಂದು ಪದಕ್ಕೂ ಒಂದೊಂದು ಗುರುತು ಮಾಡೋಕೆ ಹೋದ, ಅದು ಮುಗಿಯೋ ಬಾಬತ್ತಾ? ಹೆಂಡತಿ ರೇಗಿ ಎಲ್ಲಾನೂ ಸುಟ್ಟಳು ಅಂತಾನೂ ಹೇಳ್ತಾರೆ. ಆಮೇಲೆ ಅವನು ಕಿವಿ ಕೊಟ್ಟು ಕೇಳಿದ್ದು ಪದಗಳನ್ನಲ್ಲ, ಪದದೊಳಗಿನ ತುಂಡುಗಳನ್ನ. ಚೆರೋಕೀಲಿ ಬಹುಪಾಲು ತುಂಡು ಒಂದು ವ್ಯಂಜನ, ಹಿಂದೆ ಒಂದು ಸ್ವರ, ಅಷ್ಟೇ, ಸ್ವರ ಆರು. ಹಂಗಾಗಿ 85 ಗುರುತಿಗೆ ಇಡೀ ಭಾಷೆ ಹಿಡೀತು (ಮೊದಲು 86 ಇತ್ತು, ಒಂದನ್ನ ಕೈಬಿಟ್ಟರು). ನಡುವೆ ಸ್ವರ ಇಲ್ಲದೆ ಒಟ್ಟೊಟ್ಟಿಗೆ ಬರೋ ವ್ಯಂಜನಗಳ ಕಾಟಕ್ಕೂ ದಾರಿ ಇತ್ತು, ಬರೀ ‘ಸ್’ಗೆ ಅಂತಾನೇ ಬೇರೆ ಗುರುತು. ಇದನ್ನೇ ಇಂಗ್ಲಿಷಿಗೆ ಮಾಡೋಕೆ ಹೋಗಿ, ‘ಸ್ಟ್ರೆಂಗ್ತ್’ ಪೂರ್ತಿ ಒಂದೇ ತುಂಡು, ಸಾವಿರಾರು ಗುರುತು ಬೇಕಾಗುತ್ತೆ. ನಮ್ಮ ಕಾಗುಣಿತದ ಥರಾನೂ ಅಲ್ಲ ಇದು, ನಮ್ಮಲ್ಲಿ ಲ, ಲಿ, ಲೊ ಮೂರರಲ್ಲೂ ‘ಲ’ದ ಮೈ ಕಾಣುತ್ತೆ, ಅವನಲ್ಲಿ ಒಂದಕ್ಕೊಂದು ಸಂಬಂಧಾನೇ ಇಲ್ಲ. ಎಲ್ಲಾ ಬಾಯಿಪಾಠ ಮಾಡ್ಬೇಕು, ಮಾಡಿದ್ರೆ ಸ್ಪೆಲಿಂಗ್ ಅನ್ನೋ ತಲೆನೋವು ಇಲ್ಲ.

ಊರವರಿಗೆ ಮಾತ್ರ ಇದು ಮಾಟ ಅಂತ ಗುಮಾನಿ. ಅವನು ಕಲಿಸಿದ್ದು ಪುಟ್ಟ ಮಗಳು ಆಯೋಕಾಗೆ. ಇಬ್ಬರನ್ನೂ ದೂರ ದೂರ ಕೂರಿಸಿ, ಒಬ್ಬರು ಬರೆದದ್ದನ್ನ ಇನ್ನೊಬ್ಬರ ಕೈಲಿ ಓದಿಸಿದ್ರು, ಓದಿಬಿಟ್ರು. ಯಾವ ವಾದಾನೂ ಮಾಡದೆ ಪ್ರಯೋಗದಲ್ಲೇ ಮಾಟದ ಭೂತ ಬಿಡಿಸಿದ್ದು ನಂಗೆ ಭಾರೀ ಇಷ್ಟ.

1825ರಲ್ಲಿ ಚೆರೋಕೀ ಸರ್ಕಾರ ಲಿಪೀನ ಒಪ್ಕೊಂಡಿತು, 1828ರ ಫೆಬ್ರವರಿ 21ಕ್ಕೆ ಜಾರ್ಜಿಯಾದ ನ್ಯೂ ಎಕೋಟಾದಿಂದ ‘ಚೆರೋಕೀ ಫೀನಿಕ್ಸ್’ ಪತ್ರಿಕೆ ಎರಡೂ ಭಾಷೇಲಿ ಬಂತು, ಅಚ್ಚುಮೊಳೆ ಎರಕ ಹೊಯ್ದಿದ್ದು ಬಾಸ್ಟನ್ನಲ್ಲಿ. ಅದಕ್ಕೆ ಓಡಾಡಿದ ಪಾದ್ರಿ ಸ್ಯಾಮ್ಯುಯೆಲ್ ವುಸ್ಟರ್‌ಗೇ ಲಿಪಿಯ ಕ್ರೆಡಿಟ್ಟೂ ಕೊಡೋರಿದ್ದಾರೆ. ಸಿಕ್ವೋಯಾ ಲಿಪಿ ಮುಗಿಸಿದ್ದು 1821ಕ್ಕೆ, ಪಾದ್ರಿ ಅಲ್ಲಿಗೆ ಬಂದಿದ್ದೇ 1825ರಲ್ಲಿ.