ಕೆರೆ ಏರಿಯ ಕಲ್ಲು ಪಾಠದೊಳಗೆ ಬರುವುದು ಹೇಗೆ?

ಸಮಾಜ ವಿಜ್ಞಾನದ ಮೇಷ್ಟ್ರುಗಳಿಗೆ ತರಬೇತಿ ಕೊಡುವುದು ನನ್ನ ಕೆಲಸ. ಪರಂಪರೆಯ ಪಾಠ ಬಂದ ದಿನ ಮೊದಲು ಕೇಳುವುದು ಒಂದೇ ಪ್ರಶ್ನೆ: ನಿಮ್ಮ ಶಾಲೆ ಇರುವ ಊರಲ್ಲಿ ಹಳೆಯದು ಏನಿದೆ? ಹಂಪಿ, ಬೇಲೂರು, ಪಟ್ಟದಕಲ್ಲು ಎಲ್ಲರ ಬಾಯಲ್ಲೂ ಇರುತ್ತವೆ. ಊರಿನ ಮಾತು ಬಂದಾಗ ಎಲ್ಲರೂ ಸುಮ್ಮನಾಗುತ್ತಾರೆ. ಆಮೇಲೆ ಯಾರೋ ಒಬ್ಬರು, 'ಕೆರೆ ಏರಿ ಮೇಲೆ ಒಂದು ಕಲ್ಲಿದೆ ಸರ್, ಜನ ಅದಕ್ಕೆ ಅರಿಶಿನ ಕುಂಕುಮ ಇಡ್ತಾರೆ' ಅನ್ನುತ್ತಾರೆ.

ಈ ಮೌನ ಮೇಷ್ಟ್ರುಗಳ ತಪ್ಪಲ್ಲ. ಅದರ ಬೇರು ಬಹಳ ಮೇಲಿದೆ.

1976ರಲ್ಲಿ ಸಂವಿಧಾನಕ್ಕೆ 42ನೇ ತಿದ್ದುಪಡಿ ಬಂತು. ಅದು ಮಾಡಿದ ಎರಡು ಕೆಲಸಗಳು ನಮ್ಮ ತರಗತಿಯನ್ನು ಇವತ್ತಿಗೂ ಮುಟ್ಟುತ್ತವೆ. ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಗೆ ಬೆಲೆ ಕೊಟ್ಟು ಉಳಿಸಿಕೊಳ್ಳುವುದು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿತು. ಶಿಕ್ಷಣ ರಾಜ್ಯಪಟ್ಟಿಯಿಂದ ಸಮವರ್ತಿ ಪಟ್ಟಿಗೆ ಹೋಯಿತು. ಅಂದರೆ ಯಾವ ಪರಂಪರೆಯನ್ನು ಕಲಿಸಬೇಕು ಅನ್ನುವುದರಲ್ಲಿ ದೆಹಲಿಯ ಮಾತಿಗೂ ತೂಕ ಬಂತು. 1979ರಲ್ಲಿ ಶಿಕ್ಷಕರಿಗೆ ಕಲೆ, ಕರಕುಶಲ, ಗೊಂಬೆಯಾಟ ಕಲಿಸಲೆಂದೇ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಒಬ್ಬರು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಊರಿನ ತಿಳಿವಳಿಕೆಗೂ ಕುಶಲಕರ್ಮಿಗಳಿಗೂ ಜಾಗ ಕೊಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 'ಭಾರತದ ಜ್ಞಾನ'ಕ್ಕೆ ಒತ್ತು ಕೊಟ್ಟಿತು. 2023ರಲ್ಲಿ ಕರ್ನಾಟಕ ತನ್ನದೇ ಶಿಕ್ಷಣ ನೀತಿ ಬೇಕೆಂದು ಆಯೋಗ ರಚಿಸಿತು.

ಕಾಗದದಲ್ಲಿ ಊರಿಗೆ ಯಾವತ್ತೂ ಜಾಗ ಇತ್ತು, ಅಲ್ವಾ? ಅದು ಕಳೆದುಹೋಗುವುದು ಪಠ್ಯಪುಸ್ತಕದಲ್ಲಿ. ಬೀದರಿಗೂ ಚಾಮರಾಜನಗರಕ್ಕೂ ಒಂದೇ ಪುಸ್ತಕ, ಪುಟಗಳು ಕಡಿಮೆ. ಎಲ್ಲರಿಗೂ ಗುರುತು ಸಿಗುವ ದೊಡ್ಡ ದೇವಾಲಯಗಳು, ದೊಡ್ಡ ರಾಜರು ಉಳಿಯುತ್ತಾರೆ. ಪರೀಕ್ಷೆ ಇನ್ನೂ ಸೋಸುತ್ತದೆ: ಯಾರು ಕಟ್ಟಿಸಿದರು, ಯಾವ ಇಸವಿ. ಮಗು ಹೆಸರು ಬಾಯಿಪಾಠ ಮಾಡುತ್ತದೆ. ಅದಕ್ಕೂ ತನಗೂ ಏನು ಸಂಬಂಧ ಅಂತ ಅದಕ್ಕೆ ಹೊಳೆಯುವುದೇ ಇಲ್ಲ.

ಒಮ್ಮೆ ಮಕ್ಕಳನ್ನು ಆ ಏರಿಗೇ ಕರೆದುಕೊಂಡು ಹೋದೆವು. ಅದು ವೀರಗಲ್ಲು, ಮೂರು ಅಂತಸ್ತಿನದು. ಕೆಳಗೆ ಕಾಳಗ, ಒಂದು ಮೂಲೆಯಲ್ಲಿ ಹಸುಗಳು. ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು. ಮೇಲೆ ಲಿಂಗ, ಪೂಜಾರಿ. ಯಾರೂ ಏನೂ ಹೇಳಿಕೊಡಲಿಲ್ಲ, ಚಿತ್ರ ಬರೆಯಿರಿ ಅಂದೆವು ಅಷ್ಟೇ. ಹತ್ತು ನಿಮಿಷದಲ್ಲಿ ಪ್ರಶ್ನೆಗಳು ಶುರುವಾದವು. ಹಸು ಯಾರದ್ದು? ಕದಿಯೋಕೆ ಬಂದವರು ಯಾರು? ಸತ್ತವನು ರಾಜನಾ? ಅಲ್ಲ, ಊರಿನ ದನ ಉಳಿಸಲು ಹೋಗಿ ಸತ್ತ ಸಾಮಾನ್ಯನಿಗೂ ಇಂಥ ಕಲ್ಲು ನಿಲ್ಲಿಸುತ್ತಿದ್ದರು ಅಂದಾಗ ಮಕ್ಕಳ ಮುಖ ನೋಡಬೇಕಿತ್ತು. ಒಬ್ಬ ಹುಡುಗಿ ಮೆಲ್ಲಗೆ, 'ಸರ್, ಇದು ನಮ್ಮ ಮನೆದೇವ್ರು' ಅಂದಳು. ವರ್ಷವಿಡೀ ತರಗತಿಯಲ್ಲಿ ಬಾಯಿ ಬಿಡದವಳು ಅವಳು. ಅವತ್ತು ತಮ್ಮ ಮನೆಯವರು ಆ ಕಲ್ಲಿಗೆ ಎಡೆ ಇಡುವ ಕ್ರಮವನ್ನೆಲ್ಲ ವಿವರಿಸಿದಳು. ಸಾವಿರದ ನೂರು ವರ್ಷ ಹಳೆಯ ಬೇಗೂರಿನ ವೀರಗಲ್ಲಿನಲ್ಲೇ 'ಬೆಂಗಳೂರು' ಎಂಬ ಹೆಸರು ಸಿಕ್ಕಿದ್ದು ಅಂತ ಹೇಳಿದಾಗ ಅವಳು ತನ್ನ ಕಲ್ಲನ್ನು ಇನ್ನೊಮ್ಮೆ ಸವರಿ ನೋಡಿದಳು.

ನೀತಿಗಳಲ್ಲಿ 'ಹೆಮ್ಮೆ' ಎಂಬ ಮಾತು ಜಾಸ್ತಿ. ಹೆಮ್ಮೆ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಪಾಠ ಹೆಮ್ಮೆಯಿಂದಲೇ ಶುರುವಾದರೆ ಮಕ್ಕಳು ಪ್ರಶ್ನೆ ಕೇಳಲು ಹೆದರುತ್ತಾರೆ. ಆ ಹುಡುಗಿಯ ಹೆಮ್ಮೆ ಹಸುವಿನ ಪ್ರಶ್ನೆಯಾದ ಮೇಲೆ ಬಂತು. ದರ್ಗಾದ ಉರುಸು, ಹಳೆಯ ಬಸದಿ, ಕುಂಬಾರರ ಆವಿಗೆ, ಎಲ್ಲದಕ್ಕೂ ಇದೇ ಮಾತು. ಸಂವಿಧಾನದ ಆ 'ಸಮ್ಮಿಶ್ರ' ಅನ್ನುವ ಪದ ನನಗೆ ತುಂಬಾ ಮುಖ್ಯ. ಅದು ಯಾವ ಮಗುವನ್ನೂ ಹೊರಗೆ ನಿಲ್ಲಿಸುವುದಿಲ್ಲ.

'ಇದೆಲ್ಲ ಪರೀಕ್ಷೆಗೆ ಬರಲ್ವಲ್ಲ ಸರ್?' ಅಂತ ಮೇಷ್ಟ್ರುಗಳು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನಾನು ಹೇಳುವುದು ಇಷ್ಟು: ರೂಪಣಾತ್ಮಕ ಮೌಲ್ಯಮಾಪನದ, ಅಂದರೆ ವರ್ಷದ ನಡುವೆ ಕಲಿಕೆಯ ಜೊತೆಗೇ ಮಕ್ಕಳನ್ನು ಅಳೆಯುವ ಚಟುವಟಿಕೆ ನಿಮ್ಮ ಕೈಯಲ್ಲೇ ಇದೆ. 2020ರ ನೀತಿ 6ರಿಂದ 8ನೇ ತರಗತಿಗೆ ಹತ್ತು ದಿನ ಬ್ಯಾಗ್ ಇಲ್ಲದ ಕಲಿಕೆ ಸೂಚಿಸಿದೆ. ನಿಮ್ಮಲ್ಲಿ ಒಂದೇ ದಿನ ಸಿಕ್ಕರೂ ಸಾಕು. ಮಕ್ಕಳ ಕೈಗೆ ಹಾಳೆ, ಪೆನ್ಸಿಲ್ ಕೊಟ್ಟು ಏರಿಗೆ ಹೋಗಿ, ಕಲ್ಲಿನ ಬಗ್ಗೆ ಬಲ್ಲ ಒಬ್ಬ ಅಜ್ಜಿಯನ್ನೂ ಕರೆದುಕೊಳ್ಳಿ.