ಧರೆ ಕಡೆಯ ಗೋಡೆಗೆ ಯಾವ ಪೇಂಟ್ ಹೊಡೆಸಲಿ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರ ಇಳಿಜಾರಿನಲ್ಲಿ ಕಟ್ಟಿದ ಮನೆ. ಹಿಂದೆಯೇ ಧರೆ, ಅಂದರೆ ಗುಡ್ಡ ಕಡಿದ ಕಡಿದಾದ ಮಣ್ಣಿನ ಬದಿ. ಪ್ರತಿ ಮಳೆಗಾಲ ಹಿಂಬದಿ ಕೋಣೆಯ ಗೋಡೆ ಒದ್ದೆಯಾಗಿ ಬಣ್ಣ ಏಳುತ್ತದೆ. ಒಳಗಿನಿಂದ ಯಾವ ವಾಟರ್‌ಪ್ರೂಫ್ ಪೇಂಟ್ ಹೊಡೆಸಿದರೆ ಒಳ್ಳೆಯದು?

ಉತ್ತರ: ಯಾವುದೂ ಬೇಡ.

ಮೇ ತಿಂಗಳು ಬಂತೆಂದರೆ ಇದೇ ಪ್ರಶ್ನೆ. ಊರು ಮಾತ್ರ ಬೇರೆ, ಒಮ್ಮೆ ಕೊಪ್ಪ, ಒಮ್ಮೆ ಸೋಮವಾರಪೇಟೆ. ಪೇಂಟ್ ಹೆಸರು ಹೇಳಲಿಲ್ಲ ಅಂತ ಬೇಜಾರು ಮಾಡಿಕೊಂಡವರೂ ಇದ್ದಾರೆ. ಇನ್ನೊಮ್ಮೆ ಹೇಳುತ್ತೇನೆ, ಕೇಳಿ.

ಗುಡ್ಡದ ಮೇಲೆ ಬಿದ್ದ ಮಳೆ ಮಣ್ಣಿನೊಳಗೆ ಇಳಿದು, ಕೆಳಗಿನ ಗಟ್ಟಿ ಪದರದ ಮೇಲೆ ಜಾರುತ್ತಾ ಬರುತ್ತದೆ. ನಿಮ್ಮ ಗೋಡೆ ಅಡ್ಡ ಸಿಕ್ಕಿದರೆ ಅಲ್ಲೇ ನಿಂತು ಏರುತ್ತದೆ. ಒಂದು ಮೀಟರ್ ಎತ್ತರ ನಿಂತರೆ ಬುಡದಲ್ಲಿ ಪ್ರತಿ ಚದರ ಮೀಟರಿಗೆ ಸುಮಾರು ಒಂದು ಟನ್ ಒತ್ತಡ. ಹೊರಗೆ ಬಳಿದ ಪದರವನ್ನು ಈ ಒತ್ತಡ ಗೋಡೆಗೇ ಒತ್ತಿ ಹಿಡಿಯುತ್ತದೆ. ಒಳಗೆ ಬಳಿದದ್ದನ್ನು ಹಿಂದಿನಿಂದ ನೂಕಿ ಗುಳ್ಳೆ ಎಬ್ಬಿಸುತ್ತದೆ. ಡಬ್ಬಿ ಎಷ್ಟು ದುಬಾರಿ ಅನ್ನೋದು ನೀರಿಗೆ ಗೊತ್ತಿಲ್ಲ.

"ಪಕ್ಕದ ಮನೆಯವರಿಗೆ ಒಂದು ವರ್ಷ ಚೆನ್ನಾಗಿತ್ತು" ಅಂತೀರಿ. ಇರಬಹುದು. ಪೇಂಟ್ ಗಟ್ಟಿಯಾಗಿ ಕೂತರೂ ನೀರು ಎಲ್ಲೂ ಹೋಗಿರುವುದಿಲ್ಲ. ಗೋಡೆಯೊಳಗೇ ಮೇಲೇರಿ ಪೇಂಟ್ ಮುಗಿದ ಕಡೆ ಹೊರಬರುತ್ತದೆ, ಇಲ್ಲವೇ ಪಕ್ಕದ ಗೋಡೆಗೆ ದಾಟುತ್ತದೆ. ಜೊತೆಗೆ ತಂದ ಉಪ್ಪು ಬಿಳಿ ಪುಡಿಯಾಗಿ ಗಾರೆಯನ್ನೇ ಉದುರಿಸುತ್ತದೆ. ಗೋಡೆ ಒಣಗಿದ ಮೇಲೆ ಹಚ್ಚಿ ಅಂತ ಡಬ್ಬಿಯ ಮೇಲೇ ಸಾಮಾನ್ಯವಾಗಿ ಬರೆದಿರುತ್ತದೆ. ಅದನ್ನು ಯಾರೂ ಓದುವುದಿಲ್ಲ, ಅಲ್ವಾ?

ಒಂದು ಪರೀಕ್ಷೆ ಮಾತ್ರ ಮೊದಲು ಮಾಡಿ. ಗೋಡೆಗೆ ಒಂದಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿ ಕಂಡರೆ ನೀರು ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆ ಹನಿ ಕಂಡರೆ ಅದು ಗಾಳಿಯ ತೇವ, ಕಿಟಕಿ ತೆಗೆದಿಡಿ ಸಾಕು.

ತೋಟಕ್ಕೆ ಬಸಿಗಾಲುವೆ ತೆಗೆಸದೆ ಅಡಿಕೆ ಬೆಳೆಯುವವರು ಯಾರಿದ್ದಾರೆ? ಮನೆಗೂ ಅದೇ ಬೇಕು. ಗೋಡೆಯಿಂದ ಮೂರು ನಾಲ್ಕು ಅಡಿ ದೂರದಲ್ಲಿ, ಧರೆ ಕಡೆ. ಕಾಲುವೆಯ ತಳವು ಕೋಣೆಯ ನೆಲಕ್ಕಿಂತ ಕೆಳಗಿರಲಿ, ಪಾಯದ ತಳಕ್ಕಿಂತ ಕೆಳಗೆ ಹೋಗಬಾರದು. ಅಗೆಯುವುದು ಬೇಸಿಗೆಯಲ್ಲೇ, ತುಂಡು ತುಂಡಾಗಿ. ಧರೆಯ ಬುಡವನ್ನು ಒಂದೇ ಸಲ ಉದ್ದಕ್ಕೂ ಬಿಡಿಸಿದರೆ ಧರೆಯೇ ಕೆಳಗೆ ಬರಬಹುದು. ನೂರು ಅಡಿಗೆ ಒಂದಡಿ ಇಳಿಜಾರು ಕೊಡಿ. ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವಂಥದ್ದು) ಹಾಸಿ, ತೂತಿನ ನಾಲ್ಕಿಂಚು ಪೈಪ್ ಇಟ್ಟು, 40 ಎಂಎಂ ಜಲ್ಲಿ ತುಂಬಿ ಬಟ್ಟೆ ಮುಚ್ಚಿ. ತೂತು ಕೆಳಮುಖವಾಗಿರಲಿ, ಯಾಕೆಂದರೆ ಕಾಲುವೆಯಲ್ಲಿ ನೀರು ತಳದಿಂದ ಏರುತ್ತದೆ. ಪೈಪಿನ ಬಾಯಿ ಮನೆ ದಾಟಿ ಕೆಳಗೆ ತೆರೆಯಲಿ. ಪಕ್ಕದವರ ಅಂಗಳಕ್ಕಲ್ಲ!

ಸೂರಿನ ನೀರನ್ನು ಇದೇ ಪೈಪಿಗೆ ಬಿಡಬೇಡಿ. ಸಾವಿರ ಚದರಡಿ ಮಾಡಿನ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ ಒಂಬತ್ತು ಸಾವಿರ ಲೀಟರಿಗೂ ಜಾಸ್ತಿ. ಅದಕ್ಕೆ ಸೂರಿನಂಚಿಗೆ ಬೇರೆ ದೋಣಿ, ಬೇರೆ ದಾರಿ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಧರೆಗೆ ಕಟ್ಟಿಸಿದ ತಡೆಗೋಡೆಯಲ್ಲಿ ನೀರು ಬಸಿಯುವ ತೂತು ಇದೆಯಾ? ಹಳಬರು ಸಿಮೆಂಟಿಲ್ಲದೆ ಕಲ್ಲು ಪೇರಿಸುತ್ತಿದ್ದರು, ಸಂದಿಯಲ್ಲಿ ನೀರು ಹೋಗುತ್ತಿತ್ತು. ಈಗ ಕಾಂಕ್ರೀಟ್ ಹಾಕಿ ಎಲ್ಲ ಮುಚ್ಚುತ್ತೇವೆ, ಆಮೇಲೆ ಗೋಡೆ ಉಬ್ಬಿತು ಅಂತ ಮೇಸ್ತ್ರಿಯನ್ನು ಬೈಯುತ್ತೇವೆ. ನಾಲ್ಕೈದು ಅಡಿಗೊಂದು ಮೂರಿಂಚು ಪೈಪ್, ಹೊರಕ್ಕೆ ಸ್ವಲ್ಪ ವಾಲಿಸಿ, ಹಿಂದೆ ಜಲ್ಲಿ. ಮಳೆಯಲ್ಲಿ ಅಲ್ಲಿಂದ ನೀರು ಸುರಿದರೆ ಗಾಬರಿಯಾಗಿ ಸಿಮೆಂಟ್ ಮೆತ್ತಬೇಡಿ. ಹಿಂದಿನ ವರ್ಷ ಸುರಿಯುತ್ತಿದ್ದ ತೂತು ಈ ವರ್ಷ ಸುಮ್ನೆ ಕೂತಿದ್ದರೆ ಕಟ್ಟಿಕೊಂಡಿರಬಹುದು, ಸರಳು ಹಾಕಿ ಕೆದಕಿ ನೋಡಿ.